ಭತ್ತ ತಿನ್ನುವ ಮರಗಳ ಒಡತಿ

ಲಾಮಿತಳನ್ನು ನಾನು ಮೊದಲ ಸಲ ಕಂಡಾಗ ಅವಳು ನನ್ನ ಅಂಗಡಿಯ ಮುಂದಿನ ದೋಣಿಕಟ್ಟೆಯಲ್ಲಿ ಒಬ್ಬ ಗಂಡಸಿನ ಎದೆಯ ಮೇಲೆ ಕೂತಿದ್ದಳು. ಪ್ರೀತಿಯಿಂದಲ್ಲ. ಅವನ ಬಾಯಿಂದ ರಕ್ತ ಇಳಿಯುತ್ತಿತ್ತು, ಅವಳ ಕೈಯಲ್ಲಿ ಅವನದೇ ದೋಣಿಯ ಹುಟ್ಟು ಇತ್ತು. ಅವನು ಮಾಡಿದ ತಪ್ಪು ಇಷ್ಟೇ. ರಬ್ಬರ್ ಶೀಟುಗಳನ್ನು ಇಳಿಸುತ್ತಿದ್ದ ಅವಳನ್ನು ನೋಡಿ, "ಗಂಡ ಸತ್ತವಳು ಗೀರಿದ್ರೆ ಮರಾನೂ ಬತ್ತಿ ಹೋಗತ್ತಂತೆ" ಎಂದಿದ್ದ.

"ತೌಕೆ, ಬಿಡಿಸ್ರೀ ಇವಳನ್ನ!" ಎಂದು ಅವನು ಹಲ್ಲಿನ ಚೂರು ಉಗುಳುತ್ತಾ ಕೂಗಿಕೊಂಡ.

ತೌಕೆ ಎಂದರೆ ನಾನು. ಸರವಾಕಿನ ಈ ಒಳಹೊಳೆಗಳಲ್ಲಿ ಅಂಗಡಿ ಇಟ್ಟ ಚೀನದವನನ್ನೆಲ್ಲ ಹಾಗೇ ಕರೆಯುವುದು. ಅಪ್ಪ ಇಟ್ಟ ಹೆಸರು ನನ್ನ ಹೆಂಡತಿಗೂ ಮರೆತುಹೋಗಿದೆ.

"ಅವಳ ಮಾಲು ತೂಗಿ ಮುಗಿಯೋ ತನಕ ನಾನು ಯಾರ ಪಕ್ಷಾನೂ ಅಲ್ಲ ಮಾರಾಯ," ಎಂದೆ.

ಲಾಮಿತ್ ಅವನ ಮೂಗನ್ನು ಹಿಂಡಿ, ಹರಿಯುತ್ತಿದ್ದ ರಕ್ತವನ್ನು ಬೆರಳಿನಲ್ಲಿ ಒರೆಸಿ ಅವನಿಗೇ ತೋರಿಸಿದಳು. "ಎಲ್ಲಿ ಬತ್ತಿದೆ? ಎಷ್ಟು ಚೆನ್ನಾಗಿ ಇಳೀತಿದೆ ನೋಡು, ಗೆರಟೆ ಹಿಡೀಲಾ?"

ಆಮೇಲೆ ಎದ್ದು, ನೀಟಾಗಿ ಸೊಂಟದ ಬಟ್ಟೆ ಬಿಗಿದುಕೊಂಡು, ಏನೂ ಆಗದವಳ ಹಾಗೆ ಶೀಟುಗಳನ್ನು ತಂದು ನನ್ನ ತಕ್ಕಡಿಗೆ ಹಾಕಿದಳು. ಹೊಗೆ ಹಿಡಿದು ಜೇನಿನ ಬಣ್ಣ ಬಂದಿದ್ದ, ಒಂದು ಗುಳ್ಳೆಯೂ ಇಲ್ಲದ ಶೀಟುಗಳು. ಅಂಥ ಮಾಲು ತರುವವರ ಬುದ್ಧಿ ಹೇಗಿದ್ದರೂ ವ್ಯಾಪಾರಿಗೆ ಅವರು ಸಾಧುಗಳೇ.

ಅವಳ ಮನೆ ಎಂಗ್‌ಸಿಲಾಯ್ ಹೊಳೆಯ ಮೇಲ್ದಂಡೆಯಲ್ಲಿತ್ತು. ಇಬಾನರ ಎಲ್ಲ ಮನೆಗಳ ಹಾಗೆ ಅದೂ ಕಂಬಗಳ ಮೇಲೆ ನಿಂತ ಉದ್ದಮನೆ. ಒಂದೇ ಸೂರು, ಒಂದೇ ಉದ್ದ ಜಗಲಿ, ಜಗಲಿಗೆ ಮುಖ ಮಾಡಿದ ಸಾಲು ಬಾಗಿಲುಗಳು, ಬಾಗಿಲಿಗೊಂದು ಸಂಸಾರ. ಜಗಲಿಯ ತೊಲೆಯಿಂದ ಹಳೆಯ ಕಾಲದಲ್ಲಿ ತಂದ ತಲೆಬುರುಡೆಗಳು ಗೊಂಚಲಾಗಿ ತೂಗುತ್ತಿದ್ದವು. ಹಬ್ಬದ ದಿನ ಅವಕ್ಕೂ ಅನ್ನ, ಹೆಂಡ. ತಲೆ ಕಡಿದ ಮೇಲೆ ವೈರಿಯನ್ನು ಉಪವಾಸ ಕೆಡವಬಾರದು ಎಂಬುದು ಅವರ ನಿಯಮ. ಬದುಕಿರುವ ಸಾಲಗಾರನನ್ನು ಉಪವಾಸ ಕೆಡವುವ ನಮ್ಮ ನಿಯಮಕ್ಕಿಂತ ಅದು ಕೆಟ್ಟದ್ದೇನಲ್ಲ.

ಲಾಮಿತಳ ಅಪ್ಪ ಕಾಡಿನ ಅಂಟು ತೆಗೆಯುವವನು. ಆಗ ರಬ್ಬರ್ ಮರ ಈ ಕಡೆ ಯಾರೂ ಕಂಡಿರಲಿಲ್ಲ. ಕಾಡಿನಲ್ಲಿ ನ್ಯಾತೊ ಎಂಬ ಮರವಿತ್ತು. ಸಮುದ್ರದಡಿ ಹಾಯಿಸುವ ತಂತಿಗೆ ಹೊದಿಸಲು ಅದರ ಅಂಟು ಬಿಳಿಯರಿಗೆ ಬೇಕಾಗಿತ್ತು. ಅದನ್ನು ಗೀರಿದರೆ ಹಾಲು ಇಳಿಯುವುದಿಲ್ಲ, ಕೊಲ್ಲಬೇಕು. ಬುಡದಲ್ಲಿ ಮೊಟ್ಟೆಯನ್ನೂ ಅನ್ನದುಂಡೆಯನ್ನೂ ಇಟ್ಟು ಕ್ಷಮೆ ಕೇಳಿ, ಉರುಳಿಸಿ, ಮೈತುಂಬ ಉಂಗುರ ಕೊರೆದು ಅಂಟು ತೆಗೆಯುತ್ತಿದ್ದರು. ಮುತ್ತಜ್ಜನ ವಯಸ್ಸಿನ ಮರದಿಂದ ಸಿಗುತ್ತಿದ್ದದ್ದು ಮನುಷ್ಯನ ತಲೆಯಷ್ಟು ಗಾತ್ರದ ಮುದ್ದೆ. ಹತ್ತಿರದ ಮರಗಳೆಲ್ಲ ಮುಗಿದಾಗ ಜನ ದೂರದ ಹೊಳೆಗಳಿಗೆ ಹೋದರು. ಅಲ್ಲಿ ಬೇರೆಯವರ ಮರಗಳಿದ್ದವು, ಬೇರೆಯವರ ಮಚ್ಚುಗಳೂ ಇದ್ದವು. ಲಾಮಿತ್ ಇನ್ನೂ ಮೊಲೆ ಮೂಡದ ಹುಡುಗಿಯಾಗಿದ್ದಾಗ ಅಪ್ಪನನ್ನು ದೋಣಿಯಲ್ಲಿ ತಂದು ಇಳಿಸಿದರು. ತಲೆ ಇರಲಿಲ್ಲ. ಉಗುರಿನ ಸಂದಿಯಲ್ಲಿ ಅಂಟಿದ್ದ ಕಪ್ಪು ಅಂಟನ್ನು ನೋಡಿ ಅವಳ ಅವ್ವ, "ಹೌದು, ನಮ್ಮೋರೇ" ಎಂದಳಂತೆ.

ಮದುವೆಯಾದದ್ದು ಬನ್ಸಾ ಎಂಬವನನ್ನು. ಒಳ್ಳೆಯವನು, ಆದರೆ ಕೈ ಭಾರ. ಮನೆಗೆ ಮಾನ ತರುವ ಕಂಚಿನ ಜಾಗಟೆಯೊಂದನ್ನು ಸಂಪಾದಿಸುವ ಆಸೆಯಿಂದ ಅವನು ಹೆಂಡತಿಯನ್ನೂ ಕರೆದುಕೊಂಡು ಕೆಳಹೊಳೆಯ ಬಿಳಿಯರ ರಬ್ಬರ್ ತೋಟಕ್ಕೆ ಕೂಲಿಗೆ ಹೋದ. ಅಲ್ಲಿ ಮರಗಳು ಸಿಪಾಯಿಗಳ ಹಾಗೆ ಸಾಲಾಗಿ ನಿಂತಿದ್ದವಂತೆ. ಅವುಗಳ ಕಾಲಬುಡದಲ್ಲಿ ಒಂದು ಹುಲ್ಲೂ ಇರಕೂಡದು. ತೊಗಟೆಯನ್ನು ಮಾತ್ರ ಗೀರಬೇಕಾದಲ್ಲಿ ಬನ್ಸಾನ ಕತ್ತಿ ಮರದ ಮೂಳೆಗೇ ಇಳಿಯುತ್ತಿತ್ತು. ಮೇಸ್ತ್ರಿ ಮೊದಲು ಬೈದ, ಆಮೇಲೆ ಬೆತ್ತದಲ್ಲಿ ಹೊಡೆದ, ಕೊನೆಗೊಂದು ಬೆಳಿಗ್ಗೆ ಕೆಳಗೆ ಕೆಡವಿ ಬೂಟುಗಾಲಲ್ಲಿ ಹೊಟ್ಟೆಗೆ ಒದ್ದ. "ಮರಕ್ಕೆ ಗಾಯ ಮಾಡ್ತೀಯಾ? ಮರಕ್ಕೆ ಗಾಯ ಮಾಡ್ತೀಯಾ?" ಎಂದು ಕೇಳುತ್ತಲೇ ಒದ್ದನಂತೆ. ಬನ್ಸಾ ಎರಡು ದಿನ ರಕ್ತ ಕಾರಿ ಹೋದ.

ತೋಟದವರು ಕೂಲಿ ಕೊಡಲಿಲ್ಲ. ಲಾಮಿತ್ ಕೇಳಲೂ ಇಲ್ಲ. ಕಾಯಿ ಸಿಡಿಯುವ ಕಾಲ ಅದು. ಬಿದ್ದ ಬೀಜಗಳನ್ನು ಒಂದೊಂದಾಗಿ ಹೆಕ್ಕಿ ಮೇಸ್ತ್ರಿಯ ಮನೆಯ ಕಲ್ಲುಮೆಟ್ಟಿಲ ಮೇಲೆ ಎಸೆದು ನೋಡಿದಳು. ಎತ್ತರ ಪುಟಿದವನ್ನು ಇಟ್ಟುಕೊಂಡಳು, ಸೋಮಾರಿಯಾಗಿ ಉರುಳಿದವನ್ನು ಬಿಟ್ಟಳು. ಗಂಡನ ಹೆಣ ಸುತ್ತಿದ ಚಾಪೆಯೊಳಗೇ ಬೀಜದ ಗಂಟನ್ನೂ ಸೇರಿಸಿ ಹೊರಟಳು. ಗೇಟಿನ ಕಾವಲುಗಾರ ಚಾಪೆ ಬಿಚ್ಚಲು ಬಂದಾಗ, "ಬಿಚ್ಚು. ಹೊಟ್ಟೆ ಒಡೆದಿದೆ, ನೋಡು, ನಿಂಗೂ ಸ್ವಲ್ಪ ಹತ್ತಲಿ" ಎಂದಳಂತೆ. ಅವನು ಬಿಚ್ಚಲಿಲ್ಲ. ರಬ್ಬರ್ ಬೀಜಕ್ಕೆ ಆಯಸ್ಸು ಕಮ್ಮಿ, ಬೇಗ ಮಣ್ಣು ಕಾಣದಿದ್ದರೆ ಜೀವ ಹೋಗುತ್ತದೆ. ಗಂಡನನ್ನು ಹೂಳಿದ್ದೂ ಬೀಜ ಹೂಳಿದ್ದೂ ಒಂದೇ ವಾರ.

ಬೀಜ ಹಾಕಿದ್ದು ಬನ್ಸಾ ಕೊನೆಯ ಬಾರಿ ಭತ್ತ ಬಿತ್ತಿದ್ದ ಗುಡ್ಡದಲ್ಲಿ. ನೇರ ನಿಂತು ಉಚ್ಚೆ ಹೊಯ್ಯಲೂ ಹೆದರಿಕೆಯಾಗುವಂಥ ಇಳಿಜಾರು. ಕುಯ್ಲಾದ ಗದ್ದೆಯನ್ನು ಹೇಗೂ ಕಾಡಿಗೆ ಬಿಡುವುದೇ ಪದ್ಧತಿ, ಆ ಕಾಡಿನೊಳಗೇ ರಬ್ಬರೂ ಬೆಳೆಯಲಿ ಎಂದು ಬಿಟ್ಟಳು. ಬಿಳಿಯರ ತೋಟದ ಹಾಗೆ ಹುಲ್ಲು ಕೆರೆಯಲಿಲ್ಲ. ಪೊದೆ ಇದ್ದರೆ ಮಳೆ ಮಣ್ಣನ್ನು ಒಯ್ಯುವುದಿಲ್ಲ, ಜಿಂಕೆ ಎಳೆಯ ಗಿಡವನ್ನು ಹುಡುಕಿ ಬರುವುದಿಲ್ಲ. ಮರದಿಂದ ಮರಕ್ಕೆ ಒಂದು ಕಾಲುದಾರಿ, ಕಾಂಡಕ್ಕೆ ಸುತ್ತಿದ ಬಳ್ಳಿಗಳನ್ನು ಮಾತ್ರ ಕತ್ತರಿಸಿ ಹಾಕುವುದು, ಅಷ್ಟೇ ಅವಳ ಆರೈಕೆ. ಗೀರಿನ ಗಾಯಕ್ಕೆ ಬೂದಿ ಕಲಸಿದ ಜೇಡಿಮಣ್ಣು. ಎಲೆ ಉದುರುವ ಕಾಲದಲ್ಲಿ ಕತ್ತಿ ಮುಟ್ಟುತ್ತಿರಲಿಲ್ಲ. "ಬಾಣಂತಿ ಹಾಲನ್ನ ಯಾರಾದ್ರೂ ಕರೀತಾರಾ?" ಎನ್ನುತ್ತಿದ್ದಳು. ಭತ್ತದ ಕಳೆ ಕೀಳುವ ಕಾಲದಲ್ಲೂ ಗೀರುತ್ತಿರಲಿಲ್ಲ. ಹಾಲು ಹೆಪ್ಪಾಗಲು ನಾನು ಮಾರುತ್ತಿದ್ದ ಆಸಿಡ್ಡನ್ನು ಅವಳು ಒಮ್ಮೆ ಮೂಸಿ ನೋಡಿ, "ಇದನ್ನ ನಿಮ್ಮ ಅತ್ತೆಗೆ ಕುಡಿಸಿ ತೌಕೆ" ಎಂದು ಹಿಂದಕ್ಕೆ ತಳ್ಳಿ, ಕಾಡಿನ ಹುಳಿಹಣ್ಣಿನ ರಸದಲ್ಲೇ ಕೆಲಸ ಮುಗಿಸಿದಳು. ಈ ಒಂದು ವಿಷಯದಲ್ಲಿ ಅವಳ ಜಾಣತನ ನನಗೆ ಹಿಡಿಸಲಿಲ್ಲ.

ಮೊದಲು ನಕ್ಕವರೆಲ್ಲ ಅವಳ ದುಡ್ಡು ನೋಡಿದ ಮೇಲೆ ತಾವೂ ನೆಟ್ಟರು. ಎಂಗ್‌ಸಿಲಾಯ್‌ನಲ್ಲಿ ರಬ್ಬರ್ ಇಲ್ಲದ ಬಾಗಿಲೇ ಉಳಿಯಲಿಲ್ಲ. ಆದರೆ ನೆಟ್ಟವರು ಅವಳ ಬೀಜ ತೆಗೆದುಕೊಂಡರೇ ಹೊರತು ಅವಳ ಕಾಲನಿಯಮ ತೆಗೆದುಕೊಳ್ಳಲಿಲ್ಲ. ಬೆಳಗಾದರೆ ಗೀರು, ವರ್ಷವೆಲ್ಲ ಗೀರು. ಭತ್ತದ ಗದ್ದೆಯಲ್ಲಿ ಕಳೆ ಭತ್ತಕ್ಕಿಂತ ಎತ್ತರ ನಿಂತಿತು. ಕಣಜದಲ್ಲಿ ಕಮ್ಮಿಯಾದದ್ದನ್ನು ರಬ್ಬರ್ ಕೊಟ್ಟು ನನ್ನ ಅಕ್ಕಿ ಚೀಲದಿಂದ ಕೊಂಡರು. ನಾನೇಕೆ ಬೇಡ ಎನ್ನಲಿ?

ಯುದ್ಧದಲ್ಲಿ ಜಪಾನಿನವರು ಬರುವುದಕ್ಕೆ ಕೆಲವು ವರ್ಷ ಮುಂಚೆ ಆ ಕನಸು ಬಂತು. ಯಾವುದೋ ದೂರದ ಹೊಳೆಯ ಒಬ್ಬನಿಗೆ ಬಿದ್ದ ಕನಸು. ರಬ್ಬರ್ ಮರಗಳು ಬೇರು ಕಿತ್ತುಕೊಂಡು ಗುಡ್ಡ ಇಳಿದು ಬಂದವು, ಉದ್ದಮನೆಯ ಏಣಿ ಹತ್ತಿದವು, ಕಣಜಕ್ಕೆ ಬಾಯಿ ಹಾಕಿ ಭತ್ತ ತಿಂದವು. ಎದ್ದು ನೋಡಿದರೆ ಕಣಜ ನಿಜವಾಗಿ ಇಳಿದಿತ್ತು. ಭತ್ತಕ್ಕೆ ಜೀವ ಉಂಟು ಎಂದು ನಂಬಿದವರಿಗೆ ಇದು ಹುಡುಗಾಟದ ಮಾತಲ್ಲ. ಭತ್ತದ ಜೀವ ತಿಂದುಹೋದರೆ ಮುಂದೆ ಬಿತ್ತಿದ್ದೆಲ್ಲ ಜೊಳ್ಳು. ಮನೆಯಿಂದ ಮನೆಗೆ ಕನಸು ಹರಡಿತು, ಕೊಡಲಿಗಳು ಅದರ ಹಿಂದೆಯೇ ಹೋದವು. ನಮ್ಮ ಹೊಳೆಯ ಎರಡು ದಡದಲ್ಲೂ ಮರಗಳು ಉರುಳಿದ ಸದ್ದು ಅಂಗಡಿಯ ತನಕ ಕೇಳುತ್ತಿತ್ತು. ಪೂರ್ತಿ ಸುಳ್ಳು ಕನಸು ಅಂತ ನಾನು ಹೇಳಲಾರೆ. ಮರವೇ ತಿಂದದ್ದು. ಏಣಿ ಹತ್ತಿ ಬಂದು ತಿನ್ನಲಿಲ್ಲ, ಅಷ್ಟೇ.

ಕಡಿಯುವ ಮುಂಚೆ ಇದ್ದಬದ್ದ ಶೀಟು ಕೊಳ್ಳೋಣವೆಂದು ದೋಣಿ ತೆಗೆದುಕೊಂಡು ನಾನು ಎಂಗ್‌ಸಿಲಾಯ್‌ಗೆ ಹೋದಾಗ ಉಳಿದಿದ್ದದ್ದು ಲಾಮಿತಳ ಗುಡ್ಡ ಒಂದೇ. ಬೇರೆಯವರ ತೋಟಗಳೆಲ್ಲ ಹೊಳೆಬದಿಯ ಸಮತಟ್ಟಿನಲ್ಲಿ ಉರುಳಿ ಬಿದ್ದಿದ್ದವು. ಜಗಲಿಯಲ್ಲಿ ಎಲ್ಲರೂ ಸೇರಿದ್ದರು. ಮನೆಯ ಯಜಮಾನ ಉಂಪಾಂಗ್, ಸತ್ತ ಬನ್ಸಾನ ತಮ್ಮ, ಜೆಲಿಯನ್ ಎಂಬ ಹುಡುಗನ ಅಪ್ಪ. ಕೆಟ್ಟವನಲ್ಲ. ಹೆದರಿದವನು. ಹೆದರಿದವನ ಕೈಯಲ್ಲಿ ಅಧಿಕಾರವಿದ್ದರೆ ಕೆಟ್ಟವನೇ ವಾಸಿ.

"ಅತ್ತಿಗೆ, ನಾಳೆ ನಿನ್ನ ಗುಡ್ಡ," ಎಂದ ಉಂಪಾಂಗ್.

"ನಾಳೆ ನನ್ನ ಗುಡ್ಡಕ್ಕೇನು, ಮದುವೇನಾ?"

"ತಮಾಷೆ ಬೇಡ. ಒಬ್ಬರು ಕನಸಿಗೆ ಎದುರಾಡಿದ್ರೆ ಇಡೀ ಮನೆ ಬಿಸಿಯಾಗತ್ತೆ, ಎಲ್ಲರಿಗೂ ಕೇಡು ತಟ್ಟತ್ತೆ. ಆಗಲೇ ಮಕ್ಕಳಿಗೆ ಜ್ವರ ಸುರು ಆಗಿದೆ."

"ನನ್ನ ಕಣಜ ಬಂದು ನೋಡು ಜೆಲಿಯನಪ್ಪ. ಒಂದು ಬೊಗಸೆ ಇಳಿದಿದ್ರೆ ನಾನೇ ಕೊಡಲಿ ತರ್ತೀನಿ."

ಅದಕ್ಕೆ ಉತ್ತರ ಕೊಟ್ಟವಳು ಉಂಪಾಂಗನ ಹೆಂಡತಿ ಬುಲಿಕ್. ಗೋಡೆಗೊರಗಿ ಎಲೆಯಡಿಕೆ ಜಗಿಯುತ್ತಿದ್ದವಳು ಉಗುಳಿ ಹೇಳಿದಳು. "ಅದಕ್ಕೇ ಹೆದರಿಕೆ ಅಕ್ಕ. ನಿನ್ನ ಮರ ನಿನ್ನ ಭತ್ತ ತಿಂತಿಲ್ಲ. ಹಾಗಾದ್ರೆ ಯಾರದ್ದು ತಿಂತಿದೆ?"

ಜಗಲಿಯೆಲ್ಲ ಹೌದು ಹೌದು ಎಂದಿತು. ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ, ಇಷ್ಟು ಗಟ್ಟಿಯಾದ ವಾದ ಕೋರ್ಟಿನಲ್ಲೂ ಕೇಳಿಲ್ಲ.

"ಕಳೆ ಕೀಳದೆ ಬೆಳಗೆಲ್ಲ ಮರ ತಬ್ಬಿಕೊಂಡಿದ್ರೆ ಭತ್ತ ಏನು ನಿಮ್ಮಪ್ಪ ಬಂದು ಬೆಳೀತಾನಾ?" ಎಂದು ಲಾಮಿತ್ ಸಿಡಿದಳು. "ನಾನು ಯಾವಾಗ ಗೀರ್ತೀನಿ, ಯಾವಾಗ ಬಿಡ್ತೀನಿ, ಯಾರಾದ್ರೂ ನೋಡಿದೀರಾ? ಬೀಜ ಬೇಕಾದಾಗ ಬಂದ್ರಿ. ಬುದ್ಧಿ ಕೊಡ್ತೀನಿ ಅಂದಾಗ ಕಿವಿ ಕೆರ್ಕೊಂಡ್ರಿ."

"ತೌಕೆ ಹೇಳಲಿ," ಎಂದ ಯಾರೋ.

"ನನ್ನನ್ನ ಕೇಳ್ಬೇಡಿ," ಎಂದೆ. "ಮರ ಉಳಿದ್ರೆ ರಬ್ಬರ್ ಕೊಳ್ತೀನಿ, ಮರ ಬಿದ್ರೆ ಬೇರೆ ಏನಾದ್ರೂ ಮಾರ್ತೀನಿ. ನನ್ನ ಮಾತು ಎರಡೂ ಕಡೆಯಿಂದ ಕೊಳೆತದ್ದು."

ಉಂಪಾಂಗನ ಮಗ ಜೆಲಿಯನ್ ನಕ್ಕ. ಅವನೊಬ್ಬನೇ ನಕ್ಕದ್ದು. ಗೂಳಿಯಂಥ ಹುಡುಗ, ಮದುವೆ ನಿಶ್ಚಯವಾಗಿತ್ತು. ಮಕ್ಕಳಿಲ್ಲದ ಲಾಮಿತಳ ಬೆನ್ನ ಮೇಲೇ ಬೆಳೆದವನು. "ದೊಡ್ಡಮ್ಮ, ಬಿಟ್ಟುಕೊಡು. ನಾನು ನಿನಗೆ ಬೇರೆ ಕಡೆ ಮೆಣಸಿನ ಬಳ್ಳಿ ಹಾಕಿ ಕೊಡ್ತೀನಿ," ಎಂದ.

"ನಿನ್ನ ದೊಡ್ಡಪ್ಪ ಆ ಬೀಜಕ್ಕೆ ಹೊಟ್ಟೆ ಒಡಕೊಂಡ ಕಣೋ. ಮೆಣಸಿಗೆ ಯಾರು ಒಡಕೊಳ್ತಾರೆ, ನೀನಾ?" ಎಂದಳು ಅವಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ನಾಳೆ ಗುಡ್ಡಕ್ಕೆ ಯಾರು ಬರ್ತೀರೋ ಎಲುಬು ಕಟ್ಟಿಸ್ಕೊಳ್ಳೋಕೆ ಬಟ್ಟೆ ತನ್ನಿ," ಎಂದು ಎದ್ದು ಹೋದಳು.

ಮಾರನೆಯ ಬೆಳಿಗ್ಗೆ ಅವಳು ನನ್ನ ದೋಣಿಯ ಹತ್ತಿರ ಬಂದು, "ನೀವೂ ಬನ್ನಿ ತೌಕೆ. ಮರ ಬಿದ್ರೆ ಅಳೋಕೆ ನಿಜವಾದ ಕಾರಣ ಇರೋ ಒಬ್ಬರಾದ್ರೂ ಬೇಕಲ್ಲ" ಎಂದಳು. ಹೋದೆ.

ಗಂಡಸರು ಆಗಲೇ ಕೆಲಸ ಶುರುಮಾಡಿದ್ದರು. ಸಮತಟ್ಟಿನಲ್ಲಿ ತಮ್ಮ ತಮ್ಮ ರಬ್ಬರನ್ನು ಒಂದೊಂದಾಗಿಯೇ ಕಡಿದಿದ್ದರು. ಇದು ಗುಡ್ಡ, ಅದಕ್ಕೆ ಗುಡ್ಡದ ಪದ್ಧತಿ ಹಿಡಿದರು. ಭತ್ತಕ್ಕೆ ಕಾಡು ಕಡಿಯುವಾಗ ಇಬಾನರು ಪ್ರತಿ ಮರವನ್ನೂ ಉರುಳಿಸುತ್ತಾ ಕೂರುವುದಿಲ್ಲ. ಇಳಿಜಾರಿನ ಬುಡದಿಂದ ಮೇಲೇರುತ್ತಾ ಎಲ್ಲ ಮರಗಳಿಗೂ ಅರ್ಧ ಕಚ್ಚು ಹಾಕಿ ನಿಲ್ಲಿಸುತ್ತಾರೆ. ಎಲ್ಲರೂ ತುದಿ ತಲುಪಿದ ಮೇಲೆ ಅಲ್ಲಿನ ದೊಡ್ಡ ಮರವೊಂದನ್ನು ಪೂರ್ತಿ ಕಡಿದು ಕೆಳಕ್ಕೆ ಬೀಳಿಸುತ್ತಾರೆ. ಅದು ಮುಂದಿನದನ್ನು ಕೆಡವಿ, ಅದು ಅದರ ಮುಂದಿನದನ್ನು ಕೆಡವಿ, ಇಡೀ ಗುಡ್ಡ ಒಂದೇ ಉಸಿರಿಗೆ ಮಲಗುತ್ತದೆ. ನೋಡಲು ಭಯಂಕರ ಚೆಂದ. ಆದರೆ ಕಾಡಿನ ಮರ ನಾರುಗಟ್ಟಿನದು, ಮರಕ್ಕೂ ಮರಕ್ಕೂ ಬಳ್ಳಿಯ ಹಗ್ಗ ಇರುತ್ತದೆ, ಅರ್ಧ ಕಡಿದರೂ ಒಂದನ್ನೊಂದು ಹಿಡಿದುಕೊಂಡು ಕಾಯುತ್ತವೆ. ರಬ್ಬರ್ ಮರ ಹಪ್ಪಳದ ಜಾತಿ. ಬಳ್ಳಿಗಳನ್ನು ಲಾಮಿತಳೇ ವರ್ಷ ವರ್ಷ ಕತ್ತರಿಸಿ ಹಾಕಿದ್ದಳು. ಕಾಡು ಕಡಿದೇ ಹುಟ್ಟಿ ಬೆಳೆದವರು, ಕೈಗೆ ಕಾಡೇ ಗೊತ್ತಿತ್ತು. ತಲೆಯನ್ನು ಕೇಳುವ ಮೊದಲೇ ಕೈ ಕೆಲಸಕ್ಕೆ ಇಳಿದಿತ್ತು.

ಲಾಮಿತ್ ಕೊಡತಿ ಹಿಡಿದು ನುಗ್ಗಿದಳು. ಮೊದಲು ಸಿಕ್ಕವನ ಹೆಗಲ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು, ಒಣ ಬಿದಿರು ಸೀಳಿದ ಹಾಗೆ. ಎರಡನೆಯವನು ಮೊಣಕಾಲು ಹಿಡಿದುಕೊಂಡು ಉರುಳಿದ. ಇಬ್ಬರು ಹಿಂದಿನಿಂದ ಹಿಡಿದು ಕೊಡತಿ ಕಿತ್ತುಕೊಂಡು ಅವಳನ್ನು ಇಳಿಜಾರಿನಲ್ಲಿ ಕೆಳಕ್ಕೆ ಎಸೆದರು. ಅವಳು ಗುಡ್ಡದ ಬುಡದ ಒಂದು ಮರಕ್ಕೆ ಬಡಿದು, ಅದನ್ನೇ ತಬ್ಬಿಕೊಂಡು ಕೂತಳು.

ಬೆಳಗಿನ ಹೊತ್ತು, ಮರದಲ್ಲಿ ಹಾಲು ತುಂಬಿರುವ ಹೊತ್ತು. ಕಚ್ಚುಗಳಿಂದ ಹಾಲು ಧಾರೆಯಾಗಿ ಸುರಿಯುತ್ತಿತ್ತು. ಗೆರಟೆಗೆ ಹನಿ ಹನಿ ಇಳಿಯುವುದನ್ನು ಕಂಡಿದ್ದ ನನಗೆ ಮರದೊಳಗೆ ಅಷ್ಟಿದೆ ಎಂದು ಗೊತ್ತಿರಲಿಲ್ಲ. ಕಡಿಯುವವರ ಎದೆ, ಗಡ್ಡ, ರೆಪ್ಪೆ ಎಲ್ಲ ಬಿಳಿ. ಪಾದ ಜಾರುತ್ತಿತ್ತು. ಆಕಾಶ ಕಪ್ಪಾಗಿ ಮಳೆಗಾಳಿ ಎದ್ದಿತು.

"ಅಯ್ಯೋ ಮುಠ್ಠಾಳರಾ!" ಎಂದು ಲಾಮಿತ್ ಕೆಳಗಿನಿಂದ ಚೀರಿದಳು. "ಇದು ಕಾಡಲ್ಲ! ಅರ್ಧ ಕಡಿದು ನಿಲ್ಲಿಸಬೇಡಿ! ಗಾಳಿಗೆ ಮುರಿಯತ್ತೆ! ಕಡಿಯೋದಾದ್ರೆ ಪೂರ್ತಿ ಕಡೀರಿ!"

ಉಂಪಾಂಗನಿಗೆ ಅದು ಮರಕ್ಕಾಗಿ ಅಳುವ ಹೆಂಗಸಿನ ಹೊಸ ಉಪಾಯದಂತೆ ಕೇಳಿಸಿತು. ಗುಡ್ಡದ ನಡುವಿನ ತನಕ ಕಚ್ಚು ಹಾಕಿ ಆಗಿತ್ತು. "ಜೆಲಿಯನ್, ಹೋಗಿ ಅವಳನ್ನ ಎಳಕೊಂಡು ಬಾ," ಎಂದ. "ಮೇಲಿನದು ಬಿದ್ರೆ ಅವಳೇ ಮೊದಲು ಸಾಯ್ತಾಳೆ."

ಜೆಲಿಯನ್ ಹಾಲಿನಲ್ಲಿ ಜಾರುತ್ತಾ ಕೆಳಗಿಳಿದ. "ದೊಡ್ಡಮ್ಮ, ಏಳು. ನಿಂಗೆ ಕೈ ಮುಗೀತೀನಿ."

"ನೀನು ಮೊದಲು ಇಲ್ಲಿಂದ ಓಡು. ತಲೆ ಎತ್ತಿ ನೋಡು, ಅದು ತೂಗ್ತಿದೆ."

"ನೀನು ಬಂದ್ರೇನೇ ನಾನು ಹೋಗೋದು."

ಅವಳು ಮರ ಬಿಡಲಿಲ್ಲ. ಅವನು ಅವಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಎಳೆದ. ಅವಳ ಕೈ ತೊಗಟೆಯಿಂದ ಕಿತ್ತು ಬಂದಾಗ ಉಗುರುಗಳು ಅಲ್ಲೇ ಉಳಿದವು. ಅವನು ನಾಲ್ಕಾರು ಮಾರು ಎಳೆದುಕೊಂಡು ಬಂದ. ಅವಳು ತಿರುಗಿ ಅವನ ಮುಂಗೈ ಕಚ್ಚಿದಳು. ಹಲ್ಲು ಪೂರ್ತಿ ಇಳಿಯುವ ಹಾಗೆ ಕಚ್ಚಿದಳು. ಅವನು ಕಿರುಚಿ, ಜಡೆ ಬಿಟ್ಟು, ಒಂದು ಹೆಜ್ಜೆ ಹಿಂದಕ್ಕೆ ಜಾರಿದ. ಆಗ ಗಾಳಿ ಬಂತು.

ಮುರಿದದ್ದು ಮೇಲಿನ ಮರವಲ್ಲ, ನಡುಗುಡ್ಡದ್ದು. ಗುಂಡು ಹೊಡೆದಂಥ ಸದ್ದು. ಅದು ಕೆಳಗಿನದಕ್ಕೆ ಬಡಿಯಿತು, ಅದು ಓರೆಯಾಗಿ ಸಿಡಿಯಿತು, ಆಮೇಲೆ ಯಾವುದು ಯಾವುದನ್ನು ಕೆಡವಿತೆಂದು ಹೇಳುವುದು ದೇವರಿಗೂ ಕಷ್ಟ. ಗುಡ್ಡದ ಕೆಳಗಿನ ಅರ್ಧ ಒಟ್ಟಾಗಿ ಮಲಗಿತು. ಸದ್ದು ನಿಂತಾಗ ಲಾಮಿತ್ ಎರಡು ಕಾಂಡಗಳ ನಡುವಿನ ಸಂದಿಯಲ್ಲಿ ಬಿದ್ದಿದ್ದಳು. ಜೆಲಿಯನ್ ಒಂದು ಹೆಜ್ಜೆ ಆಚೆ ಕಾಂಡದ ಕೆಳಗಿದ್ದ. ಎದೆ ಚಪ್ಪಟೆಯಾಗಿ, ಒಂದು ಕಡೆಯ ಪಕ್ಕೆಲುಬುಗಳು ಬುಟ್ಟಿಯ ಕಡ್ಡಿಗಳ ಹಾಗೆ ಹೊರಗೆ ಬಂದಿದ್ದವು. ಮುಖಕ್ಕೆ ಏನೂ ಆಗಿರಲಿಲ್ಲ. ಮೇಲಿನಿಂದ ಹಾಲು ಅವನ ರಕ್ತದೊಳಕ್ಕೆ ಸುರಿದು ತೆರೆತೆರೆಯಾಗಿ ಹೆಪ್ಪುಗಟ್ಟುತ್ತಿತ್ತು. ಅವನ ಬಾಯಿ ಎರಡು ಸಲ ತೆರೆಯಿತು, ಮೂರನೆಯ ಸಲ ತೆರೆಯಲಿಲ್ಲ.

ಉಂಪಾಂಗ್ ಕೊಡಲಿ ಹಿಡಿದು ಇಳಿದ. ಮಗನನ್ನು ನೋಡಿದ. ಆಮೇಲೆ ಲಾಮಿತಳ ಕಡೆ ತಿರುಗಿದ. ಯಾರೂ ತಡೆಯಲಿಲ್ಲ. ನಾನೂ ತಡೆಯಲಿಲ್ಲ. ಕೊಡಲಿಗೂ ಕುತ್ತಿಗೆಗೂ ನಡುವೆ ನಿಲ್ಲುವುದು ವ್ಯಾಪಾರಿಯ ಕೆಲಸವಲ್ಲ. ಅವಳು ಓಡಲಿಲ್ಲ, ಸೊಂಟದ ಕೆಳಗೆ ಕೊಂಬೆ ಒತ್ತಿಕೊಂಡಿತ್ತು. ಕೊಡಲಿ ಇಳಿಯಿತು. ಅವಳು ತಲೆ ಹೊರಳಿಸಿದಳು. ಅದು ಅವಳ ಒಂದು ಕಿವಿಯನ್ನು ತೆಗೆದುಕೊಂಡು ಮಣ್ಣಿಗೆ ಹೂತಿತು.

ಅವನು ಕೊಡಲಿ ಕೀಳಲು ಎಳೆಯುತ್ತಿದ್ದಾಗಲೇ ಅವಳು ಮಾತಾಡಿದಳು. ಸಣ್ಣ ದನಿಯಲ್ಲಿ, ವ್ಯಾಪಾರ ಕುದುರಿಸುವವಳ ಹಾಗೆ.

"ಜೆಲಿಯನಪ್ಪ, ನಾನು ಕೊಂದೆ ಅಂತೀಯಾ? ಹಾಗಾದ್ರೆ ಕಡಿ. ಸರ್ಕಾರದೋರು ನಿನ್ನ ಕೊಂಡೊಯ್ದು ನೇಣು ಹಾಕ್ತಾರೆ, ಬುಲಿಕ್‌ಗೆ ಮಗಾನೂ ಇಲ್ಲ, ಗಂಡನೂ ಇಲ್ಲ. ಮರ ಕೊಂತು ಅಂತೀಯಾ? ಹಾಗಾದ್ರೆ ನಿಯಮ ಹೇಳು."

"ಯಾವ ನಿಯಮ?"

"ಕೊಂದವನು ಸತ್ತವನ ಜಾಗಕ್ಕೆ ಬರಬೇಕು. ನಿನ್ನಜ್ಜ ಯಾರು? ಈ ಮನೆ ಮಗನ ತಲೆ ತೆಗೆದು, ಸಿಕ್ಕಿಬಿದ್ದು, ಇದೇ ಮನೆ ಮಗನಾಗಿ ಉಂಡವನು. ಅವನಿಲ್ಲದಿದ್ರೆ ನೀನೆಲ್ಲಿ?"

ಉಂಪಾಂಗನ ಮುಖ ವಿಕಾರವಾಯಿತು. "ಮರ ಮಗ ಆಗತ್ತೇನೇ, ಹಡಬೆ!"

"ಏಣಿ ಹತ್ತತ್ತೆ, ಭತ್ತ ತಿನ್ನತ್ತೆ ಅಂತ ನೀನೇ ಅಂದೆ. ಮನೆಗೆ ಬಂದು ಉಣ್ಣೋದು ಮಗ ಯಾಕಾಗಬಾರದು? ಮೇಲಿನ ಅರ್ಧ ನಿಂತಿದೆ ನೋಡು. ತಗೋ. ನಂಗೆ ಬೇಡ. ನಿನ್ನದು. ಬುಲಿಕ್‌ದು. ನಾನು ಗೀರಿ ತಂದು ನಿಮ್ಮ ಬಾಗಿಲಿಗೆ ಹಾಕ್ತೀನಿ. ಕಡಿಬೇಡ ಅಷ್ಟೇ. ಮಗನ್ನ ಯಾರೂ ಕಡಿಯಲ್ಲ."

ಮಳೆ ಬಿತ್ತು. ಮೇಲೆ, ಕಚ್ಚು ಮುಟ್ಟದ ಮರಗಳು ಗಾಳಿಗೆ ತೂಗುತ್ತಿದ್ದವು. ಗಂಡಸರು ಅವುಗಳ ಕಡೆ ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಮನುಷ್ಯನನ್ನು ತಿಂದ ಮರ ಅದು. ಇನ್ನೊಮ್ಮೆ ಅದರ ಮೇಲೆ ಕೊಡಲಿ ಎತ್ತುವ ಧೈರ್ಯ ಅವರಲ್ಲಿ ಯಾರಿಗೂ ಇರಲಿಲ್ಲ, ಬಿಟ್ಟು ಹೋಗುವ ಧೈರ್ಯವೂ ಇರಲಿಲ್ಲ. ಲಾಮಿತ್ ಅವರಿಗೆ ಮೂರನೆಯ ದಾರಿ ಮಾರಿದ್ದಳು, ಹರಿದ ಕಿವಿಯಿಂದ ರಕ್ತ ಸುರಿಯುತ್ತಿರುವಾಗಲೇ.

ಉಂಪಾಂಗ್ ಕೊಡಲಿಯನ್ನು ಮಣ್ಣಿನಲ್ಲೇ ಬಿಟ್ಟು ಮಗನ ಕಾಲ ಬಳಿ ಕೂತ.

ಸಾವಿನ ಮನೆಯಿಂದ ದೋಣಿ ಬಿಡುವ ಹಾಗಿಲ್ಲ, ಹಾಗಾಗಿ ನಾನು ಅಲ್ಲೇ ಉಳಿಯಬೇಕಾಯಿತು. ಹೆಣ ತೊಳೆದವಳು ತಾಯಿಯೇ. ರಕ್ತವೂ ರಬ್ಬರೂ ಸೇರಿ ಚರ್ಮಕ್ಕೆ ಅಂಟಿದ್ದನ್ನು ಸುಲಿದು ಸುಲಿದು ತೆಗೆದಳು. ಬಲಗೈಗೆ ಬಂದಾಗ ಅವಳ ಕೈ ನಿಂತಿತು. ಮುಂಗೈಯಲ್ಲಿ ಹಲ್ಲಿನ ಗುರುತು ಇತ್ತು. ಮೇಲೊಂದು ಸಾಲು, ಕೆಳಗೊಂದು ಸಾಲು, ಸ್ಪಷ್ಟ. ಬುಲಿಕ್ ಅದನ್ನು ನೋಡಿದಳು, ಜಗಲಿಯ ಕೊನೆಯಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಲಾಮಿತಳನ್ನು ನೋಡಿದಳು. ಆ ಕೈಯನ್ನು ಬಟ್ಟೆಯೊಳಗೆ ಸೇರಿಸಿ ಸುತ್ತಿದಳು.

ಹೂಳಿ ಬಂದ ಮೇಲೆ ಗುಡ್ಡದ ಮೇಲೆ ಹಂದಿ ಕೊಯ್ದರು. ನಿಂತ ಮರಗಳಿಗೆಲ್ಲ ರಕ್ತ ಹಚ್ಚಿ, ಉಂಪಾಂಗ್ ಸತ್ತ ಮಗನ ಪಾಲಿನ ಅನ್ನವನ್ನು ಬುಡದಲ್ಲಿಟ್ಟ. ಒಬ್ಬನೂ ನಗಲಿಲ್ಲ. ನನಗೂ ನಗು ಬರಲಿಲ್ಲ, ಬರಬೇಕಾಗಿತ್ತು.

ದೋಣಿ ಬಿಡಲು ಅಪ್ಪಣೆ ಸಿಕ್ಕ ಬೆಳಿಗ್ಗೆ ಲಾಮಿತ್ ಮೊದಲ ಹಾಲು ತಂದಳು. ಅದು ಅವಳು ಹಾಕಿದ ಬೀಜದ ಹಾಲು, ಅವಳ ಗಂಡನ ಗುಡ್ಡದ ಹಾಲು. ಬಕೆಟ್ ಹಿಡಿದು ಜಗಲಿಯುದ್ದಕ್ಕೂ ನಡೆದು ಬುಲಿಕ್‌ಳ ಬಾಗಿಲ ಮುಂದೆ ನಿಂತಳು. ಪ್ರತಿ ಬಾಗಿಲಲ್ಲೂ ಜನ.

"ತಂದಿದೀನಿ," ಎಂದಳು.

ಬುಲಿಕ್ ಹೊರಗೆ ಬಂದಳು. ಬಕೆಟ್ಟನ್ನು ನೋಡಲಿಲ್ಲ. ಬಕೆಟ್ ಹಿಡಿದಿದ್ದ ಬಲಗೈಯನ್ನು ಹಿಡಿದಳು. "ನನ್ನ ಮಗ ನಿನ್ನನ್ನ ಬದುಕಿಸೋಕೆ ಬಂದಿದ್ದ," ಎಂದಳು.

"ಹೌದು."

"ನೀನು ಕಚ್ಚಿದೆ."

"ಹೌದು."

ಬುಲಿಕ್ ಬಗ್ಗಿ ಆ ಮುಂಗೈಗೆ ಬಾಯಿ ಹಾಕಿದಳು. ಎಲೆಯಡಿಕೆ ಜಗಿದು ಕಪ್ಪಾದ ಹಲ್ಲುಗಳು, ಮುದುಕಿಯ ಹಲ್ಲುಗಳಲ್ಲ. ಅವಳು ಬೇಗ ಬಿಡಲಿಲ್ಲ. ನರ ಹರಿಯುವುದು ಜಗಲಿಯ ಈ ತುದಿಗೂ ಕೇಳಿದಂತಾಯಿತು. ಲಾಮಿತಳ ಗಂಟಲಿನಿಂದ ಹೆರುವವಳಂಥ ಸದ್ದು ಬಂತು, ಆದರೆ ಅವಳು ಕೈ ಎಳೆದುಕೊಳ್ಳಲಿಲ್ಲ. ಎಡಗೈಯನ್ನು ಬಕೆಟ್ಟಿನ ಕೆಳಗೆ ಕೊಟ್ಟು ನೆಲಕ್ಕಿಳಿಸಿದಳು. ಒಂದು ಹನಿ ಚೆಲ್ಲಲಿಲ್ಲ.

ಬುಲಿಕ್ ಬಾಯಿ ಒರೆಸಿಕೊಂಡು ಬಕೆಟ್ ಎತ್ತಿಕೊಂಡಳು. "ಒಳಗೆ ಬಾ. ಹುಳಿಹಣ್ಣು ಎಷ್ಟು ಹಿಂಡಬೇಕು ಅಂತ ನಂಗೆ ಗೊತ್ತಿಲ್ಲ," ಎಂದಳು.

ಲಾಮಿತ್ ಒಳಗೆ ಹೋದಳು.

ಆ ಬಲಗೈ ಮತ್ತೆ ಕತ್ತಿ ಹಿಡಿಯಲಿಲ್ಲ. ಎಡಗೈಯಲ್ಲೇ ಗೀರುವುದನ್ನು ಕಲಿತಳು, ಗೀರಿನ ಓರೆ ತಿರುಗುಮುರುಗಾಯಿತು. ಓರೆ ತಿರುಗಿಸಿ ಗೀರಿದರೆ ಹಾಲು ಕಮ್ಮಿ ಇಳಿಯುತ್ತದೆ. ಬುಲಿಕ್ ಶೀಟು ತಂದಾಗ ತೂಕ ಹಿಂದಿನಷ್ಟು ಇರುತ್ತಿರಲಿಲ್ಲ, ಆದರೂ ಎಂಗ್‌ಸಿಲಾಯ್‌ನಿಂದ ನನ್ನ ತಕ್ಕಡಿಗೆ ಬರುತ್ತಿದ್ದ ರಬ್ಬರ್ ಅದೊಂದೇ. ಇನ್ನೂ ಸ್ವಲ್ಪ ಜಾಸ್ತಿ ಇಳಿಸಬಹುದಲ್ಲ, ಬೇರೆ ಯಾರಾದರೂ ಬಲಗೈಯವರು ಗೀರಲಿ ಎಂದು ನಾನು ಒಮ್ಮೆ ಹೇಳಿನೋಡಿದೆ.

"ನನ್ನ ಮರ ಮುಟ್ಟೋಕೆ ಅವಳೊಬ್ಬಳಿಗೇ ಹಕ್ಕು ತೌಕೆ," ಎಂದಳು ಬುಲಿಕ್. "ನೀವು ತೂಗಿ."

ತೂಗಿದೆ.